ಗಬ್ಬರನ ಬಂಡೆ ಯಾವುದು?

ರಾಮನಗರದ ರಾಮದೇವರ ಬೆಟ್ಟಕ್ಕೆ ಬರುವವರಲ್ಲಿ ಎರಡು ಪಂಗಡ. ಮೊದಲನೆಯವರು ಶ್ರಾವಣದ ಶನಿವಾರವನ್ನೋ ರಾಮನವಮಿಯನ್ನೋ ನೋಡಿಕೊಂಡು, ಹಣ್ಣುಕಾಯಿ ಹಿಡಿದು ಮೆಟ್ಟಿಲು ಹತ್ತುತ್ತಾರೆ. ಪಟ್ಟಾಭಿರಾಮನಿಗೆ ಕೈಮುಗಿದು, ಬಂಡೆಯ ಮಗ್ಗುಲಿನ ಕೊಳದ ನೀರನ್ನು ತಲೆಗೆ ಚಿಮುಕಿಸಿಕೊಂಡು, ಪ್ರಸಾದ ತಿಂದು ಇಳಿಯುತ್ತಾರೆ. ಅವರು ಏನನ್ನು ಹುಡುಕಿಕೊಂಡು ಬಂದರೋ ಅದು ಅಲ್ಲಿರುತ್ತದೆ. ಎರಡನೆಯವರು ಬೆಂಗಳೂರಿನಿಂದ ಐವತ್ತು ಕಿಲೋಮೀಟರ್ ಬಂದು, ಕಾರಿನಿಂದ ಇಳಿದವರೇ ಸುತ್ತ ಕಣ್ಣಾಡಿಸಿ, ‘ಶೋಲೆ ಸೆಟ್ ಎಲ್ಲಿ?’ ಎನ್ನುತ್ತಾರೆ, ಇಲ್ಲಿ ಚಿತ್ರೀಕರಿಸಿದ ಆ ಹಿಂದಿ ಸಿನಿಮಾದ ಊರನ್ನು ಹುಡುಕುತ್ತ. ಸೆಟ್ ಇಲ್ಲ. ಠಾಕೂರನ ಹವೇಲಿ ಇಲ್ಲ, ಇಮಾಮ್ ಸಾಹೇಬರ ಮಸೀದಿ ಇಲ್ಲ, ವೀರು ಕುಡಿದು ಹತ್ತಿ ಊರನ್ನೆಲ್ಲ ಹೆದರಿಸಿದ ನೀರಿನ ಟ್ಯಾಂಕ್ ಇಲ್ಲ, ಬಸಂತಿಯ ಟಾಂಗಾ ಓಡಿದ ಬೀದಿಯೂ ಇಲ್ಲ. ಬಂಡೆ ಇದೆ, ಕುರುಚಲು ಕಾಡಿದೆ, ಅರಣ್ಯ ಇಲಾಖೆಯ ಫಲಕವಿದೆ. ‘ಇಷ್ಟೇನಾ?’ ಎಂಬ ಮಾತು ಆ ಜಾಗದಲ್ಲಿ ದಿನಕ್ಕೆ ಎಷ್ಟು ಸಲ ಹುಟ್ಟುತ್ತದೋ!

ಆದರೂ ಬರುವವರು ನಿಂತಿಲ್ಲ. ನನಗೆ ಕುತೂಹಲವಿರುವುದು ಅಲ್ಲೇ. ಇರುವುದನ್ನು ನೋಡಲು ಜನ ಹೋಗುವುದು ಸಹಜ. ಹಾಳಾದದ್ದನ್ನು ನೋಡಲು ಹೋಗುವುದೂ ಸಹಜವೇ, ಹಂಪಿಗೆ ನಾವೆಲ್ಲ ಹೋಗುವುದಿಲ್ಲವೇ? ಆದರೆ ಹಂಪಿಯಲ್ಲಿ ಒಂದು ಕಾಲಕ್ಕೆ ಊರಿತ್ತು. ಅಲ್ಲಿ ಜನ ಹುಟ್ಟಿದ್ದರು, ಸಾಲ ಮಾಡಿದ್ದರು, ಮಕ್ಕಳ ಮದುವೆ ಮಾಡಿದ್ದರು, ಸತ್ತಿದ್ದರು. ಶೋಲೆಯ ಕಥೆ ನಡೆಯುವ ರಾಮಗಢದಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಂಸಾರ ಹೂಡಲಿಲ್ಲ. ಹುಟ್ಟದೇ ಇದ್ದ ಊರೊಂದು ಇಲ್ಲವಾದದ್ದಕ್ಕೆ ಮೋರೆ ಸಣ್ಣದು ಮಾಡಿಕೊಂಡು ಕಾರು ಹತ್ತುತ್ತೇವಲ್ಲ, ಇದು ಯಾವ ಬಗೆಯ ದುಃಖ?

ಊರು ಸುಳ್ಳಾದರೂ ಅದನ್ನು ಕಟ್ಟಿದ ಶ್ರಮ ಸುಳ್ಳಲ್ಲ. ಡಕಾಯಿತರ ಕಥೆಯೆಂದರೆ ಚಂಬಲ್ ಕಣಿವೆಯೇ ಸೈ ಎಂಬಂತಿದ್ದ ಕಾಲದಲ್ಲಿ ನಿರ್ದೇಶಕ ರಮೇಶ್ ಸಿಪ್ಪಿಗೆ ಬೇರೆಯದೇ ನೆಲ ಬೇಕಿತ್ತು. ಕಲಾ ನಿರ್ದೇಶಕ ರಾಮ್ ಯೆಡೇಕರ್ ಹುಡುಕಿ ತೋರಿಸಿದ್ದು ಮೈಸೂರು ರಸ್ತೆಯ ಮಗ್ಗುಲಿನ ಈ ಬಂಡೆಗಳನ್ನು. ಹೆದ್ದಾರಿಯಿಂದ ಇಲ್ಲಿಗೆ ದಾರಿ ಮಾಡಿದರು, ಬಂಡೆಗಳ ಬುಡದಲ್ಲಿ ಉತ್ತರ ಭಾರತದ ಹಳ್ಳಿಯೊಂದನ್ನು ಎಬ್ಬಿಸಿದರು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರುವಾಯಿತು, ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ನಡುವಿನ ಕಾಲದಲ್ಲಿ ರೇಷ್ಮೆಗೂಡಿನ ದರ ಲೆಕ್ಕ ಹಾಕುತ್ತಿದ್ದ ಊರಿನ ಮಂದಿ ಧರ್ಮೇಂದ್ರ, ಅಮಿತಾಭ್, ಹೇಮಾಮಾಲಿನಿಯರನ್ನು ಪೋಸ್ಟರಿನಿಂದ ಇಳಿದು ಬಂದವರಂತೆ ಕಣ್ಣೆದುರೇ ಕಂಡರು. ಕೆಲವರು ಗುಂಪಿನಲ್ಲಿ ನಿಂತು ತಾವೇ ರಾಮಗಢದ ಪ್ರಜೆಗಳಾದರು. ಊರಿನ ಒಂದು ಭಾಗಕ್ಕೆ ಸಿಪ್ಪಿ ನಗರ ಎಂಬ ಹೆಸರೂ ಬಂತು.

ಸಿನಿಮಾ ಸೆಟ್ಟನ್ನು ಹಿಂದಿನಿಂದ ನೋಡಿದವರಿಗೆ ಅದರ ಗುಟ್ಟು ಗೊತ್ತು. ಕ್ಯಾಮೆರಾಗೆ ಕಾಣುವ ಕಡೆ ಗೋಡೆ, ಕಿಟಕಿ, ಕಿಟಕಿಯ ಕಟ್ಟೆಯ ಮೇಲೊಂದು ಚೊಂಬು. ಹಿಂದೆ ಹೋದರೆ ಆಸರೆಗೆ ನಿಲ್ಲಿಸಿದ ಸರ್ವೆ ಮರ, ಹಗ್ಗ, ಪ್ಲೈವುಡ್ಡಿನ ಬೆನ್ನು, ಅದರ ಮೇಲೆ ಬಡಗಿ ಪೆನ್ಸಿಲ್‌ನಲ್ಲಿ ಬರೆದುಕೊಂಡ ಅಳತೆ. ಇದಕ್ಕಿಂತ ವಿಚಿತ್ರವಾದದ್ದು ಮುಂಭಾಗದ ಕೆಲಸ. ನಿನ್ನೆ ಎದ್ದ ಗೋಡೆಗೆ ಇವತ್ತು ನೂರು ವರ್ಷದ ವಯಸ್ಸು ಹಚ್ಚುತ್ತಾರೆ. ಮಳೆ ನೀರು ಇಳಿದ ಕಲೆ, ದೀಪದ ಗೂಡಿನ ಮೇಲೆ ಮಸಿ, ಕೈ ತಗುಲಿ ತಗುಲಿ ನುಣುಪಾದ ಬಾಗಿಲ ಚೌಕಟ್ಟು, ಎಲ್ಲವೂ ಬಣ್ಣದಲ್ಲಿ. ಸೆಟ್ ಹುಟ್ಟುವಾಗಲೇ ಮುದಿಯಾಗಿರುತ್ತದೆ, ಆದರೆ ಮುಪ್ಪಾಗುವ ಭಾಗ್ಯ ಅದಕ್ಕಿಲ್ಲ. ನಿಜವಾದ ಮಳೆಗಾಲ ನಿಜವಾದ ಕಲೆ ಮೂಡಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಈ ಮಾತು ಬರೆಯುವಾಗ ನನಗೆ ಸಂಜೀವ್ ಕುಮಾರ್ ನೆನಪಾಗದೇ ಇರುವುದಿಲ್ಲ. ಠಾಕೂರ್ ಬಲದೇವ್ ಸಿಂಗ್ ಅಂದರೆ ನಮ್ಮ ಕಣ್ಣಿಗೆ ಬರುವುದು ನರೆತ ಕೂದಲು, ಶಾಲಿನೊಳಗೆ ತೋಳಿಲ್ಲದ ಮೈ, ಎಲ್ಲ ಕಳೆದುಕೊಂಡ ಹಿರಿಯನ ಬಿಗಿದ ಮುಖ. ಆ ನರೆ ಬಳಿಸಿಕೊಂಡವನಿಗೆ ಆಗ ಮೂವತ್ತೈದರ ಆಸುಪಾಸು. 1985ರ ನವೆಂಬರ್‌ನಲ್ಲಿ ಆತ ತೀರಿಕೊಂಡಾಗ ನಲವತ್ತೇಳು. ತೆರೆಯ ಮೇಲೆ ಮುದುಕನಾದಷ್ಟು ಆತ ಬದುಕಿನಲ್ಲಿ ಆಗಲೇ ಇಲ್ಲ. ಡಕಾಯಿತ ಗಬ್ಬರ್ ಆದ ಅಮ್ಜದ್ ಖಾನ್ 1992ರಲ್ಲಿ ಹೋದರು, ಸಂಗೀತ ಕೊಟ್ಟ ಆರ್.ಡಿ. ಬರ್ಮನ್ 1994ರಲ್ಲಿ. ಚಿತ್ರಕ್ಕೆ ಐವತ್ತು ತುಂಬಿದ 2025ರಲ್ಲೇ ಅಕ್ಟೋಬರ್‌ನಲ್ಲಿ ಜೈಲರ್ ಅಸ್ರಾನಿ, ನವೆಂಬರ್‌ನಲ್ಲಿ ಧರ್ಮೇಂದ್ರ. ಪಟ್ಟಿ ಇನ್ನೂ ಉದ್ದವಿದೆ, ಪಟ್ಟಿ ಮಾಡುವುದು ನನ್ನ ಉದ್ದೇಶವಲ್ಲ. ನಟರು ಸಾಯುತ್ತಾರೆ ಎಂಬುದು ಹೊಸ ಸಂಗತಿಯೇನಲ್ಲ. ಆದರೆ ಬಳಿದುಕೊಂಡ ಮುಪ್ಪು ಉಳಿದು, ಬರಬೇಕಾಗಿದ್ದ ಮುಪ್ಪು ಬಾರದೇ ಹೋದದ್ದನ್ನು ಯೋಚಿಸಿದರೆ, ಯಾವುದು ನಿಜ ಯಾವುದು ವೇಷ ಎಂದು ನಾವು ಎಳೆಯುವ ಗೆರೆ ಅಷ್ಟೇನೂ ಗಟ್ಟಿಯಲ್ಲ ಅನ್ನಿಸುತ್ತದೆ.

ಜನ ಯಾಕೆ ಬರುತ್ತಾರೆ ಎಂಬ ಪ್ರಶ್ನೆಗೆ ಸಿದ್ಧ ಉತ್ತರವೊಂದಿದೆ: ಅವರು ತಮ್ಮ ಬಾಲ್ಯವನ್ನು ಹುಡುಕಿಕೊಂಡು ಬರುತ್ತಾರೆ, ಟೆಂಟ್ ಟಾಕೀಸಿನ ನೆಲದ ಮೇಲೆ ಕೂತು ಶಿಳ್ಳೆ ಹೊಡೆದ ದಿನಗಳನ್ನು ಅರಸಿ ಬರುತ್ತಾರೆ. ಕೇಳಲು ಚೆನ್ನಾಗಿದೆ, ಒಪ್ಪಲು ಕಷ್ಟ. ಬೆಟ್ಟದ ಬುಡದಲ್ಲಿ ಬೈಕು ನಿಲ್ಲಿಸಿ, ಬಂಡೆಯ ಮೇಲೆ ಹತ್ತಿ, ಸೊಂಟದ ಬೆಲ್ಟನ್ನು ಕೈಲಿ ಹಿಡಿದು ಗಬ್ಬರನ ಹಾಗೆ ಅಡ್ಡಾಡುತ್ತ ರೀಲ್ಸ್ ಮಾಡುವವರಿಗೆ ಇಪ್ಪತ್ತೋ ಇಪ್ಪತ್ತೆರಡೋ. ಅವರು ಸಿನಿಮಾ ನೋಡಿದ್ದು ಮೊಬೈಲಿನಲ್ಲಿ, ಅದೂ ತುಂಡು ತುಂಡಾಗಿ. ಅವರಿಗೆ ಕಳೆದುಕೊಂಡ ಕಾಲವೇ ಇಲ್ಲ. ಅವರೂ ಕೇಳುವುದು ಅದೇ ಪ್ರಶ್ನೆ, ಗಬ್ಬರ್ ನಿಂತ ಬಂಡೆ ಯಾವುದು? ಕೆಳಗೆ ಸೌತೆಕಾಯಿ, ಕಡ್ಲೆಕಾಯಿ ಮಾರುವವರಿಗೆ ಈ ಪ್ರಶ್ನೆ ಎಷ್ಟು ಅಭ್ಯಾಸವಾಗಿದೆಯೆಂದರೆ ಕೈ ತಂತಾನೇ ಏಳುತ್ತದೆ. ‘ಅಗಳಿ ಅದೇಯ ಸಾ, ಆ ದೊಡ್ ಬಂಡೆ.’ ಪಕ್ಕದಲ್ಲಿ ಕೂತವರು ಬಿಡುವುದಿಲ್ಲ. ‘ಅದಲ್ಲ ಬುಡು, ಅದ್ರಿಂದ್ಲದು.’ ಎರಡೂ ಬಂಡೆಗಳ ಮುಂದೆ ಫೋಟೋ ತೆಗೆಸಿಕೊಂಡು ಹೋಗುವುದು ಜಾಣತನ.

ನನಗನ್ನಿಸುವುದು ಹೀಗೆ. ಫಿಲ್ಮ್ ಅನ್ನುವುದು ಬೆಳಕು ಮುಟ್ಟಿ ಹೋದ ಗುರುತು. 1973ರ ಒಂದು ಮಧ್ಯಾಹ್ನ ಈ ಬಂಡೆಯ ಮೇಲೆ ಬಿಸಿಲು ಬಿತ್ತು, ಪುಟಿದು ಲೆನ್ಸಿನೊಳಗೆ ಹೋಯಿತು, ಒಳಗಿದ್ದ ರಾಸಾಯನಿಕದ ಮೇಲೆ ಕೂತಿತು. ಆ ಹೊತ್ತಿನಲ್ಲಿ ಅಲ್ಲಿದ್ದ ಮನುಷ್ಯರು, ಕುದುರೆಗಳು, ಪ್ಲೈವುಡ್ ಗೋಡೆಗಳು ಎಲ್ಲ ಚೆದುರಿದವು. ಕದಲದೆ ಉಳಿದ ಪಾತ್ರಧಾರಿ ಬಂಡೆಯೊಂದೇ. ಹಾಗಾಗಿ ಅದನ್ನು ಮುಟ್ಟಬೇಕು, ಅದರ ಜೊತೆ ಚೌಕಟ್ಟಿನೊಳಗೆ ಸೇರಬೇಕು. ಕಥೆ ಸುಳ್ಳಿರಬಹುದು, ಆ ಬಿಸಿಲು ಸುಳ್ಳಲ್ಲ ಎಂಬುದಕ್ಕೆ ಒಂದು ಸಾಕ್ಷಿ ಬೇಕು. ಬರುವವರು ಸೆಟ್ಟನ್ನು ಕೇಳುತ್ತಾರೆ, ಬೇಕಾಗಿರುವುದು ಸಾಕ್ಷಿ.

ಆ ಬಿಸಿಲಿನ ವಿಷಯದಲ್ಲಿ ಒಂದು ಸಂಗತಿ ಹೇಳಲೇಬೇಕು. ಹವೇಲಿಯ ವರಾಂಡದಲ್ಲಿ ಠಾಕೂರನ ವಿಧವೆ ಸೊಸೆ ರಾಧಾ ಒಂದೊಂದಾಗಿ ದೀಪ ಆರಿಸುತ್ತಾಳೆ, ಅತ್ತ ಹೊರಮನೆಯ ಜಗಲಿಯಲ್ಲಿ ಜೈ ಮೌತ್ ಆರ್ಗನ್ ನುಡಿಸುತ್ತಾನೆ. ಮಾತಿಲ್ಲ. ತೆರೆಯ ಮೇಲೆ ನಿಮಿಷಗಳಲ್ಲಿ ಮುಗಿಯುವ ಈ ದೃಶ್ಯಗಳಿಗೆ ಸುಮಾರು 20 ದಿನ ಹಿಡಿಯಿತಂತೆ. ಯಾಕೆಂದರೆ ಛಾಯಾಗ್ರಾಹಕ ದ್ವಾರಕಾ ದಿವೇಚಾ ಅವರಿಗೆ ಬೇಕಾಗಿದ್ದದ್ದು ಸೂರ್ಯ ಮುಳುಗಿದ ಮೇಲೆ ಕತ್ತಲಾಗುವ ಮುಂಚೆ ಸಿಗುವ ಬೆಳಕು. ಅದು ದಿನಕ್ಕೆ ಸಿಗುವುದೇ ಕೆಲವು ನಿಮಿಷ. ಇಡೀ ದಿನ ಅಣಿಮಾಡಿಕೊಂಡು ಕಾಯಬೇಕು, ಬೆಳಕು ಬಂದಾಗ ಒಂದು ಶಾಟೋ ಎರಡು ಶಾಟೋ ತೆಗೆಯಬೇಕು, ಯಾರಾದರೂ ತಪ್ಪಿದರೆ, ಮೋಡ ಬಂದರೆ ನಾಳೆ ನೋಡಿಕೊಳ್ಳಬೇಕು. ಲೆಕ್ಕ ಬರೆಯುವವನಿಗೆ ಹೊಟ್ಟೆ ಉರಿದಿರಬೇಕು. ಪರದೆಯಲ್ಲಿ ನಮಗೆ ಒಂದೇ ಸಂಜೆಯಾಗಿ ಕಾಣುವುದು ಬೇರೆ ಬೇರೆ ಸಂಜೆಗಳ ತೇಪೆ. ಅಂಥ ಸಂಜೆ ಯಾವತ್ತೂ ಆಗಿರಲಿಲ್ಲ. ಕ್ಷಣಿಕವಾದದ್ದನ್ನು ಹಿಡಿದಿಟ್ಟರು ಎಂದು ನಾವು ಹೊಗಳುತ್ತೇವೆ. ಹಿಡಿದಿಟ್ಟಿದ್ದಲ್ಲ, ಕ್ಷಣಿಕವಾದ ಹಲವನ್ನು ಹೊಲಿದು, ಎಂದೂ ಇಲ್ಲದ ಒಂದನ್ನು ಮಾಡಿದರು. ಆ ಜಾಗಕ್ಕೆ ಸಂಜೆ ಆರೂವರೆಗೆ ಹೋಗಿ ನಿಂತರೂ ಆ ಬೆಳಕು ಸಿಗುವುದಿಲ್ಲ. ಅದು ನೆಲದ ಮೇಲೆ ಇದ್ದದ್ದಲ್ಲ, ಎಡಿಟಿಂಗ್ ಮೇಜಿನ ಮೇಲೆ ಹುಟ್ಟಿದ್ದು.

ಹಾಗಾದರೆ ಊರು ಹೋದರೂ ಫಿಲ್ಮ್ ಉಳಿಯಿತಲ್ಲ, ನಿಂತದ್ದು ಅಳಿದು ನಡೆದಾಡುವುದು ಉಳಿಯಿತಲ್ಲ ಎಂದರೆ, ಸ್ಥಾವರ–ಜಂಗಮದ ಮಾತು ಕನ್ನಡಿಗನ ನಾಲಿಗೆಯ ತುದಿಗೆ ಬಂದೇ ಬರುತ್ತದೆ. ಇಲ್ಲಿ ಅದನ್ನು ಎಳೆದು ತರುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಬಸವಣ್ಣ ಹೇಳಿದ್ದು ಬಾಳುವ ಬಗೆಯ ಬಗ್ಗೆ, ಪೆಟ್ಟಿಗೆಯಲ್ಲಿಟ್ಟ ರೀಲಿನ ಬಗ್ಗೆಯಲ್ಲ. ರೀಲಿನ ಗತಿಯನ್ನೇ ನೋಡಿ. ಅಸಿಟೇಟ್ ಫಿಲ್ಮ್ ಸೆಕೆಗೆ, ತೇವಕ್ಕೆ ಸಿಕ್ಕಿದರೆ ಒಳಗೊಳಗೇ ಕೊಳೆಯುತ್ತದೆ. ಡಬ್ಬಿ ತೆರೆದರೆ ಹುಳಿ ವಾಸನೆ ಮೂಗಿಗೆ ಹೊಡೆಯುತ್ತದೆ, ಅದಕ್ಕೇ ಆ ರೋಗಕ್ಕೆ ವಿನೆಗರ್ ಸಿಂಡ್ರೋಮ್ ಎಂದು ಹೆಸರು. ಫಿಲ್ಮ್ ಸೆಡೆಯುತ್ತದೆ, ಸುರುಟುತ್ತದೆ, ಒಂದು ರೀಲಿನ ಆಮ್ಲದ ಆವಿ ಪಕ್ಕದ ರೀಲನ್ನೂ ಕೆಡಿಸುತ್ತದೆ. ‘ಶೋಲೆ’ಯ ಮೂಲ ಕ್ಯಾಮೆರಾ ನೆಗೆಟಿವ್‌ಗೆ ಆದದ್ದು ಇದೇ. ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರು ಸಿಪ್ಪಿ ಫಿಲ್ಮ್ಸ್ ಜೊತೆ ಸೇರಿ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ಮೂಲ ನೆಗೆಟಿವ್ ಬಹುಪಾಲು ಹಾಳಾಗಿತ್ತು. ಬೇರೆ ಕಡೆ ಉಳಿದಿದ್ದ ಮಧ್ಯಂತರ ಪ್ರತಿಗಳನ್ನು ಹುಡುಕಿ ತೆಗೆದು, ಇಟಲಿಯ ಬೊಲೋನಿಯಾದ ಪ್ರಯೋಗಾಲಯದಲ್ಲಿ ಚೌಕಟ್ಟು ಚೌಕಟ್ಟಾಗಿ ಸರಿಪಡಿಸಬೇಕಾಯಿತು. ಮುಂಬಯಿಯಲ್ಲಿ ಚಿತ್ರ ಐದು ವರ್ಷ ಓಡಿದ ಮಿನರ್ವಾ ಚಿತ್ರಮಂದಿರವೂ ಈಗಿಲ್ಲ. ನಡೆದಾಡುವುದಕ್ಕೂ ಅಳಿವುಂಟು, ಯಾರಾದರೂ ಮತ್ತೆ ಮತ್ತೆ ಎತ್ತಿ ನಿಲ್ಲಿಸದಿದ್ದರೆ.

ಉಳಿದದ್ದು ಬಂಡೆ. ಸರಿ, ಬಂಡೆಯನ್ನೇ ಹತ್ತಿರದಿಂದ ನೋಡೋಣ. ಮೆಟ್ಟಿಲ ಪಕ್ಕದಲ್ಲಿ ಬಿಸಿಲಿಗೆ ಮೈಯೊಡ್ಡಿದ ಬಂಡೆಗೆ ಅಂಗೈ ಇಟ್ಟರೆ ತರಿತರಿಯಾಗಿ ಹತ್ತುತ್ತದೆ. ಬೂದು ಬಣ್ಣದ ನಡುವೆ ಗುಲಾಬಿ ಛಾಯೆಯ ಚಪ್ಪಟೆ ಹರಳುಗಳು, ಕೆಲವು ಹೆಬ್ಬೆರಳಿನ ಉಗುರಿಗಿಂತ ದೊಡ್ಡವು. ಅಂಚಿನಲ್ಲಿ ಬಿಲ್ಲೆಯಷ್ಟು ಪದರವೊಂದು ಎದ್ದಿರುತ್ತದೆ. ಉಗುರಲ್ಲಿ ಮೀಟಿದರೆ ಚೂರು ಕೈಗೆ ಬರುತ್ತದೆ, ಬೆರಳಲ್ಲಿ ಹೊಸಕಿದರೆ ಮರಳಾಗುತ್ತದೆ. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಉತ್ತರ–ದಕ್ಷಿಣವಾಗಿ ನಾನೂರು ಕಿಲೋಮೀಟರ್‌ಗಳಷ್ಟು ಹಬ್ಬಿರುವ ಪಟ್ಟಿಯ ಒಂದು ತುಣುಕು ಈ ಬೆಟ್ಟ.

ಈ ಕಲ್ಲು ಹುಟ್ಟಿದ್ದು ಇಲ್ಲಿ ಕಾಣುವ ಎತ್ತರದಲ್ಲಲ್ಲ, ನೆಲದೊಳಗೆ ಕಿಲೋಮೀಟರುಗಟ್ಟಲೆ ಆಳದಲ್ಲಿ. ಕರಗಿದ ಕಲ್ಲು ಅಲ್ಲಿ ನಿಧಾನವಾಗಿ ಆರಿದ್ದರಿಂದಲೇ ಹರಳುಗಳು ಅಷ್ಟು ದೊಡ್ಡದಾಗಿ ಬೆಳೆದವು. ಅದರ ಮೇಲೆ ಏನೇನಿತ್ತೋ ಅದೆಲ್ಲವನ್ನೂ ಮಳೆ, ಗಾಳಿ, ಹೊಳೆಗಳು ಕೋಟ್ಯಂತರ ವರ್ಷ ಸವೆಸಿ ಸಾಗಿಸಿದವು. ಸುತ್ತಲ ಮೆತ್ತನೆಯದೂ ಸವೆಯಿತು. ಆಮೇಲೆ ಇದು ಬಯಲಿಗೆ ಬಂತು. ಅಂದರೆ ನಾವು ಶಾಶ್ವತಕ್ಕೆ ಗುರುತಾಗಿ ನೋಡುವ ಈ ಬಂಡೆ ಕಾಣುತ್ತಿರುವುದೇ ಅದರ ಮೇಲಿದ್ದದ್ದು ಶಾಶ್ವತವಾಗಿರಲಿಲ್ಲ ಎಂಬ ಕಾರಣಕ್ಕೆ. ಬೆಟ್ಟವೆಂದರೆ ಒಂದು ದೊಡ್ಡ ಅಳಿವಿನ ಶೇಷ. ಅನಿತ್ಯತೆಯ ಬಗ್ಗೆ ಮಾತಾಡುವಾಗಲೆಲ್ಲ ನಾವು ಇದ್ದದ್ದು ಇಲ್ಲವಾಗುವುದನ್ನು ಮಾತ್ರ ಹೇಳುತ್ತೇವೆ. ಇಲ್ಲವಾದದ್ದರಿಂದ ಏನು ಕಾಣಿಸಿಕೊಂಡಿತು ಎಂದು ಕೇಳುವವರು ಕಡಿಮೆ.

ಊರಿನ ಹೆಸರೂ ಹಾಗೆಯೇ ಪದರ ಕಳಚುತ್ತ ಬಂದಿದೆ. ಟಿಪ್ಪುವಿನ ಕಾಲದಲ್ಲಿ ಶಂಶೇರಾಬಾದ್ ಎಂದಿತ್ತು ಎನ್ನುತ್ತಾರೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ರೆಸಿಡೆಂಟನಾಗಿ ಬಂದ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಊರು ಯಾವಾಗಲೋ ಬಿಟ್ಟ ಕ್ಲೋಸ್‌ನ ಹೆಸರನ್ನು ಕಲ್ಲು ಮಾತ್ರ ಹೊತ್ತುಕೊಂಡಿದೆ. ಅವನು ಹುಟ್ಟುವುದಕ್ಕೆ 250 ಕೋಟಿ ವರ್ಷ ಮುಂಚೆ ಆರಿದ ಕಲ್ಲಿಗೆ ಆ ಸೇನಾಧಿಕಾರಿಯ ಹೆಸರು! ನಗು ಬರುತ್ತದೆ, ಆದರೆ ಗಬ್ಬರನ ಬಂಡೆ ಎಂದು ಕೈ ತೋರಿಸುವುದು ಇದಕ್ಕಿಂತ ಹೆಚ್ಚು ಅಸಂಬದ್ಧವೇನಲ್ಲ.

ಇಲ್ಲಿ ಶೋಲೆಯ ಹಳ್ಳಿಯನ್ನು ಮತ್ತೆ ಕಟ್ಟಬೇಕು, ಏನೋ ಒಂದು ತೋರಿಸಬೇಕು ಎಂಬ ಮಾತು ಆಗಾಗ ಎದ್ದು ಅಡಗುತ್ತದೆ. ಕಟ್ಟಿದರೆ ಹೇಗಿರುತ್ತದೆ ಎಂಬುದಕ್ಕೆ ನ್ಯೂಜಿಲೆಂಡಿನ ಮಟಮಟಾ ಒಳ್ಳೆಯ ಉದಾಹರಣೆ. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳಿಗಾಗಿ ಕುರಿ ಸಾಕುವ ಫಾರಂ ಒಂದರಲ್ಲಿ ಹಾಬಿಟ್‌ಗಳ ಊರು ಎದ್ದಿತು. ಪ್ಲೈವುಡ್, ಥರ್ಮೋಕೋಲ್ ಮುಂತಾದ ಸಾಮಾನು, ಶೂಟಿಂಗ್ ಮುಗಿದರೆ ಕೆಡವುವ ಒಪ್ಪಂದ. ಕೆಡವಲು ಶುರುಮಾಡಿದಾಗ ಮಳೆ ಹಿಡಿದು ಕೆಲಸ ನಿಂತಿತು, ಅರ್ಧ ಕಿತ್ತ ಊರನ್ನು ನೋಡಲು ಜನ ಬರತೊಡಗಿದರು. ಮುಂದೆ ‘ಹಾಬಿಟ್’ ಚಿತ್ರಗಳು ಬಂದಾಗ, 2009ರಿಂದ 2011ರ ನಡುವೆ, ಅದೇ ಊರನ್ನು ಗಟ್ಟಿ ಸಾಮಗ್ರಿಯಲ್ಲಿ ಮತ್ತೆ ಕಟ್ಟಿದರು. ಈಗ ಅದು ಪ್ರವಾಸಿಗರ ತೀರ್ಥ. ಅಲ್ಲಿನ ಗುಡ್ಡದ ಮನೆಯೊಂದರ ನೆತ್ತಿಯಲ್ಲಿ ಓಕ್ ಮರವಿದೆ, ಮನುಷ್ಯರು ಮಾಡಿದ್ದು, ಎಲೆಗಳೂ ಕೈಯಿಂದ ಕಟ್ಟಿದ ಕೃತಕ ಎಲೆಗಳು. ಸುತ್ತಲಿನ ಮರಗಳು ಚಿಗುರುತ್ತವೆ, ಹಣ್ಣೆಲೆ ಉದುರಿಸುತ್ತವೆ, ಒಣಗಿ ಬೀಳುತ್ತವೆ. ಇದಕ್ಕೆ ಯಾವ ಋತುವೂ ಇಲ್ಲ. ಆ ಮರದ ಚಿತ್ರ ನೋಡಿದಾಗಲೆಲ್ಲ ನನಗೆ ಒಂಥರಾ ಕಸಿವಿಸಿಯಾಗುತ್ತದೆ. ಸಾಯದ ಮರದ ಕೆಳಗೆ ಯಾರಿಗೆ ನಿದ್ದೆ ಹತ್ತೀತು?

ನಮ್ಮಲ್ಲೇ ಇನ್ನೊಂದು ಬಗೆ ಇದೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಆಗುಂಬೆಯನ್ನು ಆರಿಸಿಕೊಂಡಾಗ ಇಡೀ ಊರನ್ನು ಪ್ಲೈವುಡ್ಡಿನಲ್ಲಿ ಎಬ್ಬಿಸಲಿಲ್ಲ, ಇರುವ ಊರಿನ ಮೇಲೆ ಕಥೆಯನ್ನು ಹಾಸಿದರು. ಕಥೆಯ ಹುಡುಗ ಸ್ವಾಮಿಯ ಮನೆಯಾದ ದೊಡ್ಡಮನೆಯಲ್ಲಿ ಮೊದಲೂ ಸಂಸಾರವಿತ್ತು, ಆಮೇಲೂ ಇತ್ತು. ರೈಲು ನಿಲ್ದಾಣವಾಗಿ ಕಂಡದ್ದು ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದು ಹಳೆಯ ಕಟ್ಟಡ ಪಾಳುಬಿದ್ದಿತ್ತು. 2020ರಲ್ಲಿ ಅದನ್ನು ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆದರು. ನಿಜವಾದ ನಿಲ್ದಾಣವೊಂದು, ಎಲ್ಲೂ ಇಲ್ಲದ ಊರಿನ ಹೆಸರಲ್ಲಿ ಬದುಕಿಕೊಂಡಿತು.

ರಾಮನಗರದಲ್ಲಿ ಮತ್ತೆ ಕಟ್ಟಬಾರದು ಎನ್ನಲು ನನಗಿರುವ ಕಾರಣ ಸೌಂದರ್ಯದ್ದಲ್ಲ. ಸೆಟ್ಟು ಮದುವೆ ಚಪ್ಪರದ ಹಾಗೆ, ಕಿತ್ತರೆ ಯಾರೂ ಅಳಬೇಕಾಗಿಲ್ಲ, ಅದಿರಲಿ. ನಿಜವಾದ ಕಾರಣ ತಲೆಯೆತ್ತಿ ನೋಡಿದರೆ, ಅದೃಷ್ಟವಿದ್ದರೆ, ಕಾಣುತ್ತದೆ. ಕಡಿದಾದ ಬಂಡೆಯ ಗೋಡೆಯಲ್ಲಿ, ಮನುಷ್ಯ ಕೈ ಚಾಚಲಾರದ ಅಂಚುಗಳಲ್ಲಿ ಸುಣ್ಣ ಬಳಿದಂಥ ಬಿಳಿ ಕಲೆಗಳಿವೆ. ಹಕ್ಕಿಯ ಹಿಕ್ಕೆ. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವ ಜಾಗ ಅದು. 2012ರಲ್ಲಿ ಈ ಬೆಟ್ಟವನ್ನು ರಣಹದ್ದು ಧಾಮ ಎಂದು ಘೋಷಿಸಿದರು, ದೇಶದಲ್ಲಿ ಮೊದಲನೆಯದು. ವಿಸ್ತೀರ್ಣ ಸುಮಾರು 346 ಹೆಕ್ಟೇರ್. ಶೋಲೆ ಕೇಳಿ ಬಂದವರು ಟಿಕೆಟ್ ಪಡೆದು ಒಳಹೋಗುವುದು ಇದೇ ಧಾಮಕ್ಕೆ, ಅದನ್ನು ಗಮನಿಸುವವರು ಎಷ್ಟು ಮಂದಿಯೋ.

ಶೋಲೆ ಚಿತ್ರೀಕರಣ ನಡೆಯುತ್ತಿದ್ದ ಕಾಲಕ್ಕೆ ಭಾರತದಲ್ಲಿ ರಣಹದ್ದು ಅಪರೂಪದ ಹಕ್ಕಿಯಾಗಿರಲಿಲ್ಲ. ಸತ್ತ ದನ ಎಳೆದು ಹಾಕಿದ ಕಡೆ ಹಿಂಡುಹಿಂಡಾಗಿ ಇಳಿಯುತ್ತಿದ್ದವು. 1990ರ ದಶಕದಲ್ಲಿ ಅವು ಉದುರತೊಡಗಿದವು. ಕಾರಣ ಗೊತ್ತಾಗಲು ವರ್ಷಗಳೇ ಹಿಡಿದವು. ದನಗಳಿಗೆ ನೋವು ಕಡಿಮೆಯಾಗಲು ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೀಗೆ ಹೋದವು. 2006ರಲ್ಲಿ ಪಶುವೈದ್ಯದಲ್ಲಿ ಆ ಔಷಧವನ್ನು ನಿಷೇಧಿಸಿದರು. ಅಷ್ಟರಲ್ಲಿ ಉಳಿದದ್ದು ಅಲ್ಲಿಷ್ಟು ಇಲ್ಲಿಷ್ಟು. ಈ ಬೆಟ್ಟದಲ್ಲಿ ಬೆರಳೆಣಿಕೆ. ವರ್ಷಕ್ಕೆ ಒಂದು ಜೋಡಿ ಇಡುವುದು ಒಂದೇ ಮೊಟ್ಟೆ, ಅದೂ ನಿಲ್ಲುವ ಖಾತ್ರಿಯಿಲ್ಲ.

ಅನಿತ್ಯದ ಬಗ್ಗೆ ಪುಟಗಟ್ಟಲೆ ಬರೆಯುವ ನಮಗಿಂತ ಅದನ್ನು ನಿತ್ಯದ ಕಸುಬಾಗಿ ಮಾಡಿಕೊಂಡ ಹಕ್ಕಿ ಇದು. ಸತ್ತದ್ದು ಸತ್ತಲ್ಲೇ ಕೊಳೆತು ಬಿದ್ದಿರದ ಹಾಗೆ, ಒಂದರ ಮೈ ಇನ್ನೊಂದರ ಮೈಯಾಗುವ ಹಾಗೆ ನೋಡಿಕೊಂಡದ್ದು ಅದು. ನಾವು ಅದನ್ನು ಅಪಶಕುನ ಎಂದೆವು. ಹದ್ದು ಹೋದ ಮೇಲೆ ಊರಾಚೆಯ ಹೆಣಗಳು ನಾಯಿಗಳ ಪಾಲಾದವು, ನಾಯಿಗಳು ಹೆಚ್ಚಾದವು. ಸಾವು ತನ್ನ ಕೆಲಸ ಮುಗಿಸಲಾರದೆ ಅರ್ಧಕ್ಕೆ ನಿಂತಿತು. ಎಲ್ಲವೂ ಹೋಗುತ್ತದೆ, ಅದು ಲೋಕನಿಯಮ, ಹದ್ದೂ ಹೋಯಿತು ಎಂದು ತತ್ವ ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸೆಟ್ಟು ಹೋದದ್ದು ಒಂದು ಬಗೆ, ಹದ್ದು ಹೋಗುತ್ತಿರುವುದು ಇನ್ನೊಂದು ಬಗೆ. ಮೊದಲನೆಯದು ಹೋಗುವ ದಿನವನ್ನು ಗೊತ್ತುಮಾಡಿಕೊಂಡೇ ಬಂದಿತ್ತು, ಬೇಕೆಂದರೆ ನಾಳೆ ಬೆಳಿಗ್ಗೆ ನಲವತ್ತು ಬಡಗಿಗಳನ್ನು ಕರೆಸಿ ಮತ್ತೆ ನಿಲ್ಲಿಸಬಹುದು. ಎರಡನೆಯದನ್ನು ನಾವು ಸೂಜಿಮದ್ದು ಚುಚ್ಚಿ ಕಳಿಸಿದೆವು. ಅದಕ್ಕೆ ಯಾವ ಮಧ್ಯಂತರ ಪ್ರತಿಯೂ ಯಾವ ಗೋದಾಮಿನಲ್ಲೂ ಇಲ್ಲ. ಇವೆರಡನ್ನೂ ಅನಿತ್ಯ ಎಂಬ ಒಂದೇ ಚೀಲಕ್ಕೆ ತುಂಬುವುದು ಸೋಮಾರಿತನ.

ಗಬ್ಬರನ ಮಾತು ಕೂಗಿ ಪ್ರತಿಧ್ವನಿ ಕೇಳಬೇಕೆಂಬ ಆಸೆ ಬಂದವರಿಗೆಲ್ಲ ಇರುತ್ತದೆ. ಬಂಡೆಗಳು ಸೊಗಸಾಗಿ ತಿರುಗಿ ಕೂಗುತ್ತವೆ. ಮೇಲಿನ ಅಂಚಿನಲ್ಲಿ ಆ ಒಂದು ಮೊಟ್ಟೆಯ ಮೇಲೆ ಹಕ್ಕಿ ಕೂತಿರುವ ತಿಂಗಳುಗಳಲ್ಲೂ ಕೂಗುತ್ತಾರೆ. ಅರಣ್ಯ ಇಲಾಖೆ ಬೆಟ್ಟದ ಕೆಲವು ಕಡೆ ಓಡಾಟ ತಡೆದಿದೆ, ಗದ್ದಲ ಬೇಡವೆಂದು ಫಲಕ ಹಾಕಿದೆ. ಬೈಕಿನ ಹುಡುಗರಿಗೆ ನಾನು ಒಮ್ಮೆ ಫಲಕ ತೋರಿಸಿದೆ. ‘ಅಂಕಲ್, ಹದ್ದೂ ಶೋಲೆ ನೋಡಿರುತ್ತೆ ಬಿಡಿ’ ಅಂದ ಒಬ್ಬ. ಇರಬಹುದು. ಹಾಗಿದ್ದರೆ ಈಗಿನವುಗಳ ಅಜ್ಜಿ–ತಾತಂದಿರು ಬಿಡುವು ಸಿಕ್ಕಾಗಲೆಲ್ಲ ಮೇಲೆ ಸುತ್ತುತ್ತ, ಕೆಳಗೆ ಜನ ಯಾಕೆ ಸತ್ತಂತೆ ಬಿದ್ದು ಮತ್ತೆ ಎದ್ದು ಚಹಾ ಕುಡಿಯುತ್ತಿದ್ದಾರೆಂದು ತಲೆಕೆಡಿಸಿಕೊಂಡಿರಬೇಕು.

ಹೋದದ್ದು ಹೋದ ಹಾಗೆಯೇ ಇರುತ್ತದೆ ಎಂದೂ ಹೇಳುವಂತಿಲ್ಲ, ಅದು ಈ ಸಿನಿಮಾದ ಇನ್ನೊಂದು ಪಾಠ. ಮೊದಲು ಚಿತ್ರೀಕರಿಸಿದ ಕೊನೆಯಲ್ಲಿ ಠಾಕೂರ್ ಮುಳ್ಳಿನ ಬೂಟಿನಿಂದ ತುಳಿದು ಗಬ್ಬರನನ್ನು ಕೊಲ್ಲುತ್ತಾನೆ. ಚಿತ್ರ ಸೆನ್ಸಾರಿಗೆ ಹೋದದ್ದು 1975ರ ಬೇಸಿಗೆ ಕಳೆದ ಹೊತ್ತು, ತುರ್ತು ಪರಿಸ್ಥಿತಿ ಆಗಷ್ಟೇ ಬಂದಿತ್ತು. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನು ಕೈಗೆತ್ತಿಕೊಳ್ಳುವುದೇ ಎಂದು ಸೆನ್ಸಾರಿನವರು ಒಪ್ಪಲಿಲ್ಲ. ಸೋವಿಯತ್ ದೇಶದಲ್ಲಿದ್ದ ಸಂಜೀವ್ ಕುಮಾರ್ ಓಡಿ ಬರಬೇಕಾಯಿತು, ಪೊಲೀಸರು ಬಂದು ಗಬ್ಬರನನ್ನು ಹಿಡಿದುಕೊಂಡು ಹೋಗುವ ಹಾಗೆ ಕೊನೆ ಬದಲಾಯಿತು. ಐವತ್ತು ವರ್ಷ ಚಿತ್ರಮಂದಿರಗಳಲ್ಲಿ ಗಬ್ಬರ್ ಸಾಯಲಿಲ್ಲ. ಮೊದಲಿನ ಕೊನೆ ಮಸುಕು ಪ್ರತಿಗಳಲ್ಲಿ ಆಗೀಗ ಕಂಡವರಿಗೆ ಕಂಡಿತ್ತು, ಅಷ್ಟೆ. 2025ರ ಜೂನ್‌ನಲ್ಲಿ ಬೊಲೋನಿಯಾದ ಬಯಲು ಪರದೆಯ ಮೇಲೆ ಜೀರ್ಣೋದ್ಧಾರವಾದ ಪ್ರತಿ ಮೂಲ ಕೊನೆಯೊಂದಿಗೆ ಬಂತು, ಡಿಸೆಂಬರ್‌ನಲ್ಲಿ ನಮ್ಮ ಚಿತ್ರಮಂದಿರಗಳಿಗೂ ಬಂತು. ಆಗಿಹೋದದ್ದು ಕೂಡ ಬದಲಾಯಿತು. ಮುಂದಿನವರ ಪಾಲಿಗೆ ಗಬ್ಬರ್ ಸತ್ತವನೇ.

ಮೆಟ್ಟಿಲಿಳಿಯುವಾಗ ಮುಂದೆ ಒಬ್ಬರು ತಾತ, ಜೊತೆಗೆ ಕಾಲೇಜಿಗೆ ಹೋಗುವ ವಯಸ್ಸಿನ ಮೊಮ್ಮಗಳು. ಮಾತು ಇದೇ ಆಗಿತ್ತು.

‘ಗಬ್ಬರ್ ಸಾಯಲ್ಲ ಕಣಮ್ಮ. ನಾನು ಬೆಂಗಳೂರಲ್ಲೇ ನೋಡಿದೀನಿ, ಬ್ಲಾಕ್‌ನಲ್ಲಿ ಟಿಕೆಟ್ ತಗೊಂಡು. ಪೊಲೀಸ್ನೋರು ಬಂದು ಹಿಡ್ಕೊಂಡು ಹೋಗ್ತಾರೆ.’

‘ಸಾಯ್ತಾನೆ ತಾತ. ನಾನು ಮೊನ್ನೆ ಥಿಯೇಟರಲ್ಲೇ ನೋಡ್ದೆ. ಠಾಕೂರ್ ತುಳಿದು ಸಾಯಿಸ್ತಾನೆ, ಆಮೇಲೆ ಅಳ್ತಾನೆ.’

ತಾತ ಕಂಬಿ ಹಿಡಿದು ನಿಂತರು. ಉಸಿರು ತಗೊಳ್ಳಲೋ, ಯೋಚನೆಗೋ ಗೊತ್ತಾಗಲಿಲ್ಲ.

‘ಹಂಗಾದ್ರೆ ಠಾಕೂರ್ ಜೈಲಿಗೆ ಹೋದ್ನಾ?’

‘ಅದನ್ನ ತೋರಿಸಿಲ್ಲ ತಾತ.’